ಹದಿನೇಳನೆಯ ಅಂಕಿ

ಹಾರ್ಲನ್ ಫೋರ್ಕ್ ಊರಿನ ಜನ ಇಪ್ಪತ್ತು ಸಾವಿರ, ಅಲ್ಲಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೂರುವ ಜಾಗ ತೊಂಬತ್ತು ಸಾವಿರ. ಇದು ವಿಚಿತ್ರವೆಂದು ಅಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಆ ಬೆಂಚುಗಳ ಮೇಲೆ ಅಂಕಿ ಬರೆಯುತ್ತಿದ್ದವನು ನಾರ್ಬರ್ಟ್ ಸ್ಟೂರ್. ಹದಿನಾರು ಇಂಚಿಗೊಂದು ಗೆರೆ, ಎರಡು ಗೆರೆಯ ನಡುವೆ ಒಂದು ಅಂಕಿ. ಬಿಸಿಲಿಗೆ ಮಾಸಿದ್ದನ್ನು ಪ್ರತಿ ಬೇಸಿಗೆಯಲ್ಲೂ ತಿದ್ದಬೇಕು. "ಊರವರ ಕುಂಡಿ ಅಳೆದೇ ನನ್ನ ಜನ್ಮ ಸವೀತು" ಎಂದು ನಗುತ್ತಿದ್ದ.

ಕ್ರೀಡಾಂಗಣದ ಆಕಾರ ಬಟ್ಟಲಿನದು. ಮೂಲೆಗಳಲ್ಲಿ ಸಾಲು ಮೇಲೇರಿದಷ್ಟೂ ಉದ್ದವಾಗುತ್ತದೆ, ಹದಿನಾರರ ಲೆಕ್ಕ ಕೂಡುವುದೇ ಇಲ್ಲ. ಕೊನೆಯಲ್ಲಿ ಉಳಿದ ತುಂಡು ಜಾಗವನ್ನು ಖಾಲಿ ಬಿಡಬೇಕು, ಅದು ನಿಯಮ. ಎಪ್ಪತ್ತೊಂದನೆಯ ಸಾಲಿನ ಒಂದು ಮೂಲೆಯಲ್ಲಿ ಹದಿನಾರು ಜನರಾಗಿ ಹನ್ನೊಂದು ಇಂಚು ಉಳಿಯುತ್ತಿತ್ತು.

ಮೂವತ್ತೊಂದು ವರ್ಷದ ಹಿಂದೆ ನಾರ್ಬರ್ಟ್ ಆ ನಿಯಮ ಮುರಿದ. ಅವನ ಹೆಂಡತಿ ಆರ್ಲಿಸ್‌ಗೆ ಆಟವೆಂದರೆ ಪ್ರಾಣ, ಆದರೆ ವರ್ಷವಿಡೀ ಒಂದೇ ಜಾಗ ಕೊಡುವ ಟಿಕೆಟ್‌ಗಳೆಲ್ಲ ಅಪ್ಪನಿಂದ ಮಕ್ಕಳಿಗೆ ಇಳಿದು ಬರುವಂಥವು. ಒಂಬತ್ತು ವರ್ಷ ಕಾದರೂ ಅವಳ ಸರದಿ ಬರಲಿಲ್ಲ. ನಾರ್ಬರ್ಟ್ ಆ ಸಾಲಿನ ಹದಿನಾರು ಜಾಗಗಳಿಂದಲೂ ಕಾಲು ಇಂಚಿಗಿಂತ ತುಸು ಹೆಚ್ಚು ಕದ್ದ. ಹನಿ ಹನಿ ಗೂಡಿದರೆ ಹಳ್ಳ. ಉಳಿದ ಹನ್ನೊಂದು ಇಂಚಿಗೆ ಅದನ್ನು ಸೇರಿಸಿ ಹದಿನೇಳನೆಯ ಅಂಕಿ ಬರೆದೇಬಿಟ್ಟ. ಟಿಕೆಟ್ ಕಚೇರಿಯವರು ಬೆಂಚು ಅಳೆಯುವವರಲ್ಲ, ಬಣ್ಣದವನು ಬರೆದುಕೊಟ್ಟ ಪಟ್ಟಿಯಂತೆ ಅಚ್ಚು ಹಾಕಿಸುವವರು. ಹೊಸ ಜಾಗ ಸಿಬ್ಬಂದಿಯ ಮನೆಯವರಿಗೇ ಮೊದಲು. ಆರ್ಲಿಸ್‌ಗೆ ಸಿಕ್ಕಿತು. ಅದು ಹೇಗೆ ಹುಟ್ಟಿತೆಂದು ಅವನು ಅವಳಿಗೂ ಹೇಳಲಿಲ್ಲ.

ಚಳಿಗಾಲದಲ್ಲಿ ಎಲ್ಲರೂ ದಪ್ಪ ಕೋಟು ತೊಟ್ಟಾಗ ಆ ಸಾಲಿನವರು ಒಬ್ಬೊಬ್ಬರಾಗಿ ಕೂರುವಂತಿರಲಿಲ್ಲ. ಅದೇ ಸಾಲಿನ ಡ್ವೇನ್ ಕ್ರಾಟೊಕ್ವಿಲ್ ಒಂದು, ಎರಡು, ಮೂರು ಎಣಿಸಿದಾಗ ಹದಿನೇಳೂ ಜನ ಒಟ್ಟಿಗೇ ಕೂರಬೇಕು. ತಡಮಾಡಿದವರು ನಿಂತೇ ಇರಬೇಕು. ಆರ್ಲಿಸ್ ಇದನ್ನು ಮನೆಗೆ ಬಂದು ಹಿಗ್ಗಿ ಹೇಳುವಾಗಲೆಲ್ಲ ನಾರ್ಬರ್ಟ್ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಈ ವರ್ಷದ ಆಟಗಳು ಮುಗಿದ ಮೇಲೆ ಬೆಂಚು ಕಿತ್ತು ಒರಗುವ ಕುರ್ಚಿ ಹಾಕುವುದೆಂದಾಯಿತು. ಒಂದೊಂದೂ ಇಪ್ಪತ್ತು ಇಂಚು. ಅಳೆಯಲು ರೆನಾಟಾ ಎಂಬ ಎಂಜಿನಿಯರ್ ಬಂದಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವ ಹಾಗೆ ನಾರ್ಬರ್ಟ್ ಅವಳ ಹಿಂದೆಯೇ ಸುತ್ತಿದ.

"ಸ್ಟೂರ್ ಅವರೇ, ನಕ್ಷೆಯಲ್ಲಿ ಇಲ್ಲಿ ಹದಿನಾರೇ ಇರೋದು."

"ಹೂಂ. ಹದಿನೇಳನೇದು ನಾನು ಬರೆದದ್ದು. ನನ್ನ ಹೆಂಡ್ತಿಗೆ."

ರೆನಾಟಾ ನಕ್ಷೆ ಮಡಚಿದಳು. "ಇನ್ಮೇಲೆ ಇಲ್ಲಿ ಹದಿಮೂರೇ ಕುರ್ಚಿ. ಮೂವರಿಗೆ ಬೇರೆ ಕಡೆ ಕೊಡ್ತಾರೆ. ನಕ್ಷೆಯಲ್ಲೇ ಇಲ್ಲದ ಜಾಗಕ್ಕೆ ಬದಲಿ ಕೇಳೋಕೆ ನನ್ನಿಂದ ಆಗಲ್ಲ. ಬೇಜಾರು ಮಾಡ್ಕೋಬೇಡಿ."

ಆ ಸಂಜೆ ನಾರ್ಬರ್ಟ್ ಹೆಂಡತಿಗೆ ಎಲ್ಲ ಹೇಳಿದ. ಅವಳ ಮುಖ ಸಣ್ಣದಾಯಿತು.

"ಅಂದ್ರೆ ಇಷ್ಟು ವರ್ಷ ನಾನು ಕೂತಿದ್ದು ಅವರ ಜಾಗದಲ್ಲಾ?"

"ಚೂರು ಚೂರು ಕಣೆ."

"ಚೂರಾದ್ರೇನು, ಕದ್ದಿದ್ದು ಕದ್ದಿದ್ದೇ. ಶನಿವಾರ ಕೊನೇ ಆಟ. ನೀನು ಬಂದು ಅವರ ಮುಂದೆ ಒಪ್ಕೊಂಡ್ರೆ ನಾನು ಕೂರ್ತೀನಿ. ಇಲ್ದಿದ್ರೆ ಇಲ್ಲ."

ಆಟದ ದಿನ ನಾರ್ಬರ್ಟ್‌ಗೆ ಮೈದಾನದ ಅಂಚಿನಲ್ಲಿ ಕೆಲಸ, ಅಳಿಸಿಹೋದ ಗೆರೆಗೆ ಸುಣ್ಣ ಹಾಕುವುದು. ತಾನು ಅಂಕಿ ಬರೆದ ಬೆಂಚಿನಲ್ಲಿ ಅವನು ಒಮ್ಮೆಯೂ ಕೂತು ಆಟ ನೋಡಿದವನಲ್ಲ. ಆ ಶನಿವಾರ ಆಟಕ್ಕೆ ಮುಂಚೆ ಎಪ್ಪತ್ತೊಂದು ಸಾಲು ಹತ್ತಿದ. ಕೊಯ್ಯುವ ಚಳಿ. ಆರ್ಲಿಸ್ ಎಂದಿನಂತೆ ಕೊಲಾಚೆ ತಂದಿದ್ದಳು, ಒಣಹಣ್ಣಿನ ಹೂರಣ ತುಂಬಿದ ಬನ್ನು. ಆದರೆ ಡಬ್ಬಿ ತೆರೆಯದೆ ನಿಂತಿದ್ದಳು. ನಾರ್ಬರ್ಟ್ ಟೋಪಿ ಕೈಯಲ್ಲಿ ಹಿಡಿದು ಎಲ್ಲವನ್ನೂ ಒದರಿದ.

ಡ್ವೇನ್ ಕೆಮ್ಮಿದ.

"ನಮ್ಮಪ್ಪ ಬಡಗಿ ಕಣಯ್ಯ. ಮೊದಲನೇ ವಾರಾನೇ ಬೆಲ್ಟ್ ಬಿಚ್ಚಿ ಅಳೆದಿದ್ದ. ಸಾಲಿಗೆಲ್ಲ ಗೊತ್ತು."

"ಗೊತ್ತಿದ್ದೂ ಯಾಕೆ ದೂರು ಕೊಡ್ಲಿಲ್ಲ?" ಎಂದ ನಾರ್ಬರ್ಟ್.

"ಕೊಡೋಕೆ ಅಂತ ಎದ್ದಿದ್ದ. ಅಷ್ಟರಲ್ಲಿ ಇವಳು ಕೊಲಾಚೆ ಕೊಟ್ಲು." ಡ್ವೇನ್ ಆರ್ಲಿಸ್ ಕೈಯಿಂದ ಡಬ್ಬಿ ತೆಗೆದುಕೊಂಡ. "ತಿಂದು ಕೂತ. ಆಮೇಲೆ ನಮಗೆಲ್ಲ ಹೇಳಿದ, ಸಣ್ಣಗೆ ಕೂತ್ಕೊಳ್ಳಿ ಅಂತ."

ಆರ್ಲಿಸ್ ಅತ್ತುಬಿಟ್ಟಳು. ನಾರ್ಬರ್ಟ್ ಟೋಪಿ ಹಾಕಿಕೊಂಡು ಇಳಿಯಲು ತಿರುಗಿದ.

"ಎಲ್ಲಿಗೆ?" ಎಂದ ಡ್ವೇನ್.

"ಕೆಳಗೆ ಗೆರೆ ನೋಡ್ಬೇಕು."

"ಗೆರೆ ಎಲ್ಲಿಗೂ ಓಡಿಹೋಗಲ್ಲ, ಬಾ. ಎಲ್ರೂ ಒಂಚೂರು ಸರೀರಪ್ಪ. ಒಂದು, ಎರಡು, ಮೂರು."

ಹದಿನೆಂಟು ಜನ ಒಟ್ಟಿಗೇ ಕೂತರು. ಒಂದು ಕಡೆ ಆರ್ಲಿಸ್, ಇನ್ನೊಂದು ಕಡೆ ಸಿಮೆಂಟಿನ ಗೋಡೆ. ನಾರ್ಬರ್ಟ್‌ಗೆ ಕೈ ಅಲ್ಲಾಡಿಸಲೂ ಜಾಗವಿರಲಿಲ್ಲ. ಕಣ್ಣೊರೆಸಿಕೊಳ್ಳಬೇಕಿತ್ತು, ಆಗಲಿಲ್ಲ.

"ಮೂವತ್ತೊಂದು ವರ್ಷ ಇಷ್ಟರಲ್ಲೇ ಕೂತಿದ್ರಾ?"

"ಕೂತಿದ್ವಿ," ಎಂದ ಡ್ವೇನ್, ಬಾಯಿ ತುಂಬ ಕೊಲಾಚೆ. "ಈಗ ಬಾಯ್ಮುಚ್ಕೊಂಡು ಆಟ ನೋಡು."