ಗೂಡಿನ ಪರದೆಯ ಪಕ್ಕದ ರಜಾಯಿ

ನಲವತ್ತು ಸಾವಿರ ರೂಪಾಯಿ ಉಳಿಸಲು ಹೋದ ಒಂದು ಮ್ಯೂಸಿಯಂ, ಮೂರು ತಲೆಮಾರು ಜೋಪಾನ ಮಾಡಿದ್ದ ಒಂದು ರಜಾಯಿಯ ಮೂಲೆಯನ್ನು ಹುಳುವಿಗೆ ತಿನ್ನಿಸಿತು. ಆ ವಿಷಯದಲ್ಲಿ ಬಾಯಿಬಿಟ್ಟದ್ದಕ್ಕೆ ನನಗೆ ಅಲ್ಲಿನ ಕೆಲಸ ಹೋಯಿತು. ಹೋದದ್ದಕ್ಕೆ ಬೇಸರವಿಲ್ಲ.

ಕೋವಿಡ್ ಕಾಲ ಕಳೆದು ಎರಡು ವರ್ಷವಾಗಿತ್ತು. ದೇವನಹಳ್ಳಿ ಕಡೆ ಹೊಸದಾಗಿ ಬಾಗಿಲು ತೆರೆದಿದ್ದ ಖಾಸಗಿ ಕಲಾ ಮ್ಯೂಸಿಯಂ ಒಂದಕ್ಕೆ ನಾನು ಎಕ್ಸಿಬಿಷನ್ ಕಂಟ್ರಾಕ್ಟರ್. ದೊಡ್ಡಬಳ್ಳಾಪುರದಲ್ಲಿ ಮದುವೆಗಳಿಗೆ ಶಾಮಿಯಾನ ಬಾಡಿಗೆ ಕೊಡುತ್ತಾ ಶುರು ಮಾಡಿ ಅಲ್ಲಿಗೆ ತಲುಪಿದವಳು. ಚಿತ್ರ ತೂಗುಹಾಕುವುದು, ಲೈಟ್ ಕೂರಿಸುವುದು, ಗಾಜಿನ ಪೆಟ್ಟಿಗೆ ಮಾಡಿಸುವುದು, ಮುಗಿದ ಮೇಲೆ ಎಲ್ಲವನ್ನೂ ಬಿಚ್ಚುವುದು ನಮ್ಮ ಪಾಲಿನದು.

ಆ ಸಲ ರೇಷ್ಮೆಯ ಪ್ರದರ್ಶನ. ಹಳೆಯ ಬಟ್ಟೆ ಬೇಕೆಂದಾಗ ನಮ್ಮ ಬೀದಿಯ ಜುಬೇದಾ ಟೀಚರ್ ಅವರನ್ನು ಒಪ್ಪಿಸಿದ್ದು ನಾನೇ. ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಮಗ್ಗದ ಮನೆಗಳಲ್ಲಿ ಉಳಿದ ರೇಷ್ಮೆ ತುಂಡುಗಳನ್ನು ಕೂಡಿಸಿ ಅವರು ನಾನಿ ಎನ್ನುತ್ತಿದ್ದ ಅಜ್ಜಿ ಕೈಯಲ್ಲಿ ಹೊಲಿದ ರಜಾಯಿ ಅವರ ಬಳಿ ಇತ್ತು. "ನಿನ್ನ ಮುಖ ನೋಡಿ ಕೊಡ್ತಿದೀನಿ ಸರೋಜ. ಮ್ಯೂಸಿಯಂ ಮುಖ ನಂಗೆ ಗೊತ್ತಿಲ್ಲ" ಎಂದು ಕೊಟ್ಟಿದ್ದರು.

ರಜಾಯಿಯ ಪಕ್ಕದ ಹಾಲ್‌ನಲ್ಲಿ ಮುಖ್ಯ ಆಕರ್ಷಣೆ: ಕಲಾವಿದರೊಬ್ಬರು ಸೂರಿನಿಂದ ನೆಲದವರೆಗೆ ಇಳಿಬಿಟ್ಟ ರೇಷ್ಮೆಗೂಡುಗಳ ಪರದೆ. ಗೂಡಿನೊಳಗೆ ಹುಳ ಇರುತ್ತದೆ. ಬಿಟ್ಟರೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಬರುತ್ತದೆ. ಹಬೆಗೆ ಹಿಡಿದರೆ ಸಾಯುತ್ತದೆ, ಆದರೆ ಒಣಗುವುದಿಲ್ಲ. ಕೊಂಡವರು ಕೆಲವೇ ದಿನಗಳಲ್ಲಿ ನೂಲು ತೆಗೆದುಬಿಡಬೇಕು. ತಿಂಗಳುಗಟ್ಟಲೆ ಇಡಬೇಕಾದರೆ ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಬೇಕು, ಇಲ್ಲವೇ ಗೂಡು ಕತ್ತರಿಸಿ ಹುಳ ತೆಗೆಸಬೇಕು. ದೇವನಹಳ್ಳಿ ಪಕ್ಕದ ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕತ್ತರಿಸುವ ಕೂಲಿ ನಲವತ್ತು ಸಾವಿರ ಆಗುತ್ತದೆಂದು ಮ್ಯೂಸಿಯಂನ ಡೈರೆಕ್ಟರ್‌ಗೆ ತಿಳಿಸಿದೆ.

"ಆರ್ಟಿಸ್ಟ್‌ಗೆ ಗೂಡಿನೊಳಗೆ ಜೀವ ಇರ್ಬೇಕಂತೆ ಮೇಡಂ" ಎಂದರು.

"ಹಬೆಗೆ ಹಾಕಿದ್ಮೇಲೆ ಜೀವ ಎಲ್ಲಿರುತ್ತೆ ಸಾರ್? ಹೆಣ ಇರುತ್ತೆ."

ಅವರು ನಕ್ಕರು. ಹಬೆಗೆ ಹಿಡಿದ ಗೂಡನ್ನು ತಾವೇ ತರಿಸಿದರು.

ಎರಡನೆಯ ವಾರಕ್ಕೆ ನಾತ ಎದ್ದಿತು. ಕೊಳೆತ ಮೀನಿಗೆ ಕೊಬ್ಬರಿಎಣ್ಣೆ ಸುರಿದಂತೆ. ಬಿಳಿ ಗೂಡುಗಳ ಮೇಲೆ ಕಂದು ಕಲೆ ಮೂಡಿತು. ಅಡಿಯ ನೆಲಕ್ಕೆ ಚಪ್ಪಲಿ ಅಂಟುತ್ತಿತ್ತು. ಎ.ಸಿ. ಆ ವಾಸನೆಯನ್ನು ಕೋಣೆ ಕೋಣೆಗೂ ಹಂಚಿತು. ಕಾವಲಿನವರು ಮೂಗಿನ ಕೆಳಗೆ ಅಮೃತಾಂಜನ ಸವರಿಕೊಂಡು ನಿಲ್ಲುತ್ತಿದ್ದರು. ಡೈರೆಕ್ಟರ್ ಮಾಡಿದ್ದೇನು? ಹೊಸ ಫಲಕ ಬರೆಸಿದರು: "ವಾಸನೆಯೂ ಈ ಕೃತಿಯ ಭಾಗ."

ಬಂದವರು ಕರವಸ್ತ್ರ ಮುಚ್ಚಿಕೊಂಡು ಅದನ್ನು ಓದುತ್ತಿದ್ದರು, ಓದಿ ಕರವಸ್ತ್ರ ಕೆಳಗಿಳಿಸಿ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನಮ್ಮ ಎಲೆಕ್ಟ್ರಿಷಿಯನ್ ಮುನಿರಾಜು ನನ್ನ ಕಿವಿಯಲ್ಲಿ, "ಅಕ್ಕಾ, ಸತ್ತ ಹೆಗ್ಗಣಕ್ಕೂ ಒಂದು ಬೋರ್ಡ್ ಹಾಕ್ಬಿಟ್ರೆ ಇವ್ರೆಲ್ಲಾ ಕೈ ಕಟ್ಕಂಡ್ ನಿಂತ್ಕತಾರೆ" ಎಂದ.

ಎರಡನೆಯ ತಿಂಗಳು, ಒಂದು ಗುರುವಾರ, ರಜಾಯಿ ಪೆಟ್ಟಿಗೆಯ ಬಲ್ಬ್ ಬದಲಿಸಲು ಹೋದೆ. ಗಾಜಿನೊಳಗೆ, ಬಟ್ಟೆಯ ಅಂಚಿನಲ್ಲಿ ಕಂದು ಪುಡಿ. ಮೈತುಂಬ ಕೂದಲಿದ್ದ ಪುಟ್ಟ ಹುಳುಗಳು. ಸತ್ತ ರೇಷ್ಮೆಹುಳ ತಿಂದು ಬೆಳೆಯುವ ಕೀಟ ಇದು. ಇಂಗ್ಲಿಷಿನಲ್ಲಿ ಡರ್ಮೆಸ್ಟಿಡ್ ಎನ್ನುತ್ತಾರೆ. ಗೂಡಿನಲ್ಲಿ ಹೊಟ್ಟೆ ತುಂಬಿಸಿಕೊಂಡು, ಪೆಟ್ಟಿಗೆಯ ಕೂದಲೆಳೆ ಸಂದಿಯಿಂದ ನುಸುಳಿ, ಈಗ ಟೀಚರ್ ಅವರ ರೇಷ್ಮೆಗೆ ಬಾಯಿ ಹಾಕಿತ್ತು.

ಡೈರೆಕ್ಟರ್‌ಗೆ ತೋರಿಸಿದೆ. ಅವರ ಮುಖ ಬಿಳಿಚಿತು, ಆದರೆ ಆಡಿದ ಮಾತು ಬೇರೆ: "ಶನಿವಾರ ಫಂಡಿಂಗ್ ಕಂಪನಿಯವರು ಬರ್ತಿದಾರೆ. ಸೋಮವಾರ ನೋಡೋಣ. ಟೀಚರ್‌ಗೆ ಹೇಳೋಕ್ ಹೋಗ್ಬೇಡಿ."

ಪಾರ್ಕಿಂಗ್‌ಗೆ ಹೋಗಿ ಟೀಚರ್‌ಗೆ ಫೋನ್ ಮಾಡಿದೆ. ಒಂದು ಗಂಟೆಯಲ್ಲಿ ಪಕ್ಕದ ಮನೆಯವರ ಕಾರಿನಲ್ಲಿ ಬಂದಿಳಿದರು.

"ಮೇಡಂ, ನಮ್ಮ ಸಂಸ್ಕೃತಿಗೋಸ್ಕರ ಎರಡು ದಿನ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು ಡೈರೆಕ್ಟರ್.

"ನಾನ್ ಮಾಡ್ಕೋತೀನಿ. ಹುಳ ಮಾಡ್ಕೊಳ್ಳುತ್ತೇನಪ್ಪಾ?" ಎಂದರು ಟೀಚರ್.

ಡೈರೆಕ್ಟರ್ ಮತ್ತೆ ಸಂಸ್ಕೃತಿ ಅಂದಾಗ ನಾನು ಮಧ್ಯೆ ಬಂದೆ. "ಸಾರ್, ಈಗ್ಲೇ ಪೆಟ್ಟಿಗೆ ತೆಗೆಯೋಣ. ಇಲ್ಲಾಂದ್ರೆ ಶನಿವಾರ ನನ್ನ ಹುಡುಗ್ರು ಲೈಟ್ ಹಾಕೋಕೆ ಬರಲ್ಲ."

"ಇದು ಬ್ಲ್ಯಾಕ್‌ಮೇಲ್!"

"ಅಲ್ಲ ಸಾರ್, ಚೌಕಾಸಿ. ನಿಮಗೆ ಲೈಟ್, ಅವ್ರಿಗೆ ರಜಾಯಿ."

ಪೆಟ್ಟಿಗೆ ತೆರೆಯಿತು. ಒಂದು ಮೂಲೆ ಜರಡಿಯಾಗಿತ್ತು. ತೂತುಗಳಿಂದ ಹತ್ತಿ ಇಣುಕುತ್ತಿತ್ತು. ಟೀಚರ್ ಕೈಯಿಡದೆ ಬಗ್ಗಿ ನೋಡಿದರು. "ಈ ಮೂಲೆ ನಾನಿ ಕೊನೇಲಿ ಹೊಲಿದಿದ್ದು. ಕಣ್ಣು ಕಾಣ್ತಿರ್ಲಿಲ್ಲ ಅವ್ರಿಗೆ, ಹೊಲಿಗೆ ಎಲ್ಲಾ ಓರೆ ಓರೆ. ಅಮ್ಮ ಬಿಚ್ಚಿ ಸರಿಮಾಡ್ತೀನಿ ಅಂದ್ರೂ ನಾನು ಬಿಟ್ಟಿರ್ಲಿಲ್ಲ" ಎಂದರು. ಡೈರೆಕ್ಟರ್ ಪರಿಹಾರದ ಮಾತೆತ್ತಿದರು. ಟೀಚರ್ ಪೆಟ್ಟಿಗೆಯ ಇನ್ನೊಂದು ಮೂಲೆಗೆ ಹೋಗಿ ಬಗ್ಗಿದರು.

ಉಳಿದ ಭಾಗವಾದರೂ ಉಳಿಯಬೇಕಿತ್ತು. ಇಂಥ ಹುಳುವಿಗೆ ಔಷಧಿ ಹೊಡೆದರೆ ಬಟ್ಟೆಯ ಬಣ್ಣ ಕೆಡಬಹುದು. ದಪ್ಪ ಪಾಲಿಥಿನ್‌ನಲ್ಲಿ ಗಾಳಿಯಾಡದಂತೆ ಸುತ್ತಿ ಎರಡು ವಾರ ಡೀಪ್ ಫ್ರೀಜರ್‌ನಲ್ಲಿಡುವುದು ಕ್ಷೇಮ. ಮ್ಯೂಸಿಯಂನಲ್ಲಿದ್ದ ಒಂದೇ ಫ್ರೀಜರ್ ಕೆಫೆಯದು. ಐಸ್‌ಕ್ರೀಮ್ ಕರಗುತ್ತದೆಂದು ಕೊಡಲಿಲ್ಲ! ಹೊಸಕೋಟೆಯಲ್ಲಿ ಐಸ್‌ಕ್ರೀಮ್ ಹೋಲ್‌ಸೇಲ್ ವ್ಯಾಪಾರ ಮಾಡುವ ಗೆಳತಿಯೊಬ್ಬಳು ಒಂದು ಫ್ರೀಜರನ್ನೇ ಖಾಲಿ ಮಾಡಿಕೊಟ್ಟಳು. ಹುಳು ಸತ್ತವು. ಮೂಲೆ ಮರಳಲಿಲ್ಲ.

ಮಾತು ಕೊಟ್ಟಿದ್ದರಿಂದ ಶನಿವಾರ ಲೈಟ್ ಹಾಕಿಸಿದೆ. ಕಂಪನಿಯವರು ಕೊಳೆತ ಪರದೆಯ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ರಜಾಯಿಯ ಖಾಲಿ ಪೆಟ್ಟಿಗೆಯಲ್ಲಿ ಒಂದು ಚೀಟಿ: "ಸಂರಕ್ಷಣೆಗಾಗಿ ತೆಗೆಯಲಾಗಿದೆ." ಅದನ್ನು ಓದಿದಾಗ ಹೇಸಿಗೆ ಹುಟ್ಟಿದ್ದು ಮೂಗಿನಲ್ಲಲ್ಲ. ಆಮೇಲೆ ಅಲ್ಲಿಂದ ನನಗೆ ಕರೆ ಬರಲಿಲ್ಲ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು: ಪ್ರದರ್ಶನಕ್ಕಿಟ್ಟವರಿಗೆ ಅದು ಮೂರು ತಿಂಗಳ ಸಾಮಾನು, ಕೊಟ್ಟವರಿಗೆ ಮನೆಯ ಒಂದು ಜೀವ. ನಿಮ್ಮ ಮನೆಯ ಹಳೆಯ ವಸ್ತುವನ್ನು ಯಾರಾದರೂ ಕೇಳಿಕೊಂಡು ಬಂದರೆ, ಪಕ್ಕದ ಕೋಣೆಯಲ್ಲಿ ಏನಿಡುತ್ತೀರಿ ಎಂದು ಮೊದಲು ಕೇಳಿ. ಬೇಕೆಂದ ದಿನ ವಾಪಸ್ ಒಯ್ಯುತ್ತೇನೆಂದು ಕರಾರಿನಲ್ಲಿ ಬರೆಸಿ. ಬರೆಯಲು ಹಿಂಜರಿದರೆ ಅಲ್ಲೇ ಮಾತು ಮುಗಿಸಿ. ಕೊಟ್ಟ ಮೇಲೆ ತಿಂಗಳಿಗೊಮ್ಮೆ ಹೇಳದೆ ಕೇಳದೆ ಹೋಗಿ, ಪೆಟ್ಟಿಗೆಯ ಮೂಲೆಗೆ ಟಾರ್ಚ್ ಹಿಡಿದು ನೋಡಿ. ಏನಾದರೂ ಹರಿದಾಡಿದರೆ ಅವತ್ತೇ ಎತ್ತಿಕೊಂಡು ಬನ್ನಿ. ನಿಮ್ಮನ್ನು ಕೂರಿಸಿ, ಹೊಗಳಿ, ಒಳ್ಳೆಯ ಟೀ ತರಿಸುತ್ತಾರೆ. ವಸ್ತು ಕೈಗೆ ಬಂದ ಮೇಲೆ ಕುಡಿಯಿರಿ.