ಮಳೆ ಬಂತೆಂದು ಚಿತ್ರವನ್ನೇ ಬಾಚಿದೆವು

ಕಳೆದ ಜನವರಿ, ಕಾಫಿ ಕೊಯ್ಲಿನ ಭರ. ದೇವರಮನೆ ಬೆಟ್ಟದ ದಾರಿಯಲ್ಲಿ ಒಬ್ಬ ಚಿತ್ರಕಲಾವಿದರಿದ್ದರು. ಅವರು ತೀರಿಕೊಂಡ ಮೇಲೆ, ಹಳೇ ಕಾಫಿ ಗೋಡೌನಿನಲ್ಲಿದ್ದ ಅವರ ಸ್ಟುಡಿಯೋವನ್ನು ಹೆಂಡತಿ ಸುಮಿತ್ರಮ್ಮ ಹಾಗೆಯೇ ಉಳಿಸಿ, ಎಲ್ಲರೂ ನೋಡುವ ಗ್ಯಾಲರಿ ಮಾಡಿದ್ದರು. ಅಂದು ಸಂಜೆ ಉದ್ಘಾಟನೆ. ನಮ್ಮೂರು ಜಾವಳಿಯಿಂದ ಒಂದು ಜೀಪು ತುಂಬ ಹೆಂಗಸರು ಹೊರಟು ಎಲ್ಲರಿಗಿಂತ ಮೊದಲೇ ತಲುಪಿದೆವು. ನಮ್ಮತ್ತೆಗೆ ಎಲ್ಲಿಗೆ ಹೋದರೂ ಮುಂದಿನ ಸಾಲೇ ಬೇಕು.

ನಾವು ಇಳಿಯುವುದಕ್ಕೂ ಟಪಟಪ ಹನಿ ಬೀಳುವುದಕ್ಕೂ ಸರಿಹೋಯಿತು. ಎದುರಿನ ಕಣದ ತುಂಬ ಕಾಫಿ ಹರವಿದ್ದರು!

"ಅಯ್ಯೋ, ಕಾಫಿ ನೆನೀತದೆ! ಎಳೀರೇ!" ಎಂದು ಅತ್ತೆ ಕೂಗಿದರು.

ನಮ್ಮ ಕಡೆಯವರಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ. ಸೀರೆ ಎತ್ತಿ ಕಟ್ಟಿ, ಸಿಪ್ಪೆ ಸುಲಿದು ತೊಳೆದ ಬಿಳಿ ಪಾರ್ಚ್‌ಮೆಂಟ್ ಒಂದು ರಾಶಿ, ಸಿಪ್ಪೆ ಸಮೇತ ಒಣಗಿದ ಕಪ್ಪು ಚೆರ್ರಿ ಇನ್ನೊಂದು ರಾಶಿ ಮಾಡಿ ಟಾರ್ಪಾಲು ಮುಚ್ಚಿದೆವು. ಯುದ್ಧ ಗೆದ್ದಷ್ಟು ಖುಷಿ!

ಹೊರಗೆ ಬಂದ ಸುಮಿತ್ರಮ್ಮ ಬಾಗಿಲಲ್ಲೇ ನಿಂತುಬಿಟ್ಟರು. "ಅದು ಚಿತ್ರ ಕಣ್ರೇ..."

ಗಂಡ ಪ್ರತಿ ಕೊಯ್ಲಿಗೂ ಕಣದಲ್ಲಿ ಕಾಫಿಯಿಂದ ಹೆಂಡತಿಯ ಮುಖ ಬಿಡಿಸುತ್ತಿದ್ದರಂತೆ. ಈ ಸಲ, ಸಿಮೆಂಟಿನ ಮೇಲೆ ಅವರು ಬಿಟ್ಟುಹೋದ ಬಣ್ಣದ ಗೆರೆ ಹಿಡಿದು ಸುಮಿತ್ರಮ್ಮ ಒಬ್ಬರೇ ತುಂಬಿಸಿದ್ದರು. ಬಂದವರಿಗೆ ಮೊದಲು ತೋರಿಸಬೇಕೆಂದಿದ್ದುದೇ ಅದು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಮಳೆ ಬಂದಷ್ಟೇ ಬೇಗ ನಿಂತಿತು. "ಕೆಡಿಸ್ದವ್ರೇ ಕಟ್ಕೊಡ್ತೀವಿ, ಗೆರೆ ತೋರ್ಸಿ" ಎಂದರು ಅತ್ತೆ. ಪುಣ್ಯಕ್ಕೆ, ಆ ಗಾಬರಿಯಲ್ಲೂ ನಮ್ಮ ಕೈ ಪಾರ್ಚ್‌ಮೆಂಟಿಗೆ ಚೆರ್ರಿ ಬೆರೆಸಿರಲಿಲ್ಲ. ಗೋಣಿಚೀಲದಲ್ಲಿ ಕಣ ಒರೆಸಿ, ಕಪ್ಪಲ್ಲಿ ಕೂದಲು, ಬಿಳಿಯಲ್ಲಿ ಕೆನ್ನೆ ತುಂಬಿಸುತ್ತಾ ಹೋದೆವು. ಗೇಟಿನಲ್ಲಿ ಕಾರಿನ ಸದ್ದು ಕೇಳಿದಾಗ ಹಣೆಯ ಗೆರೆಯೊಳಗೆ ಒಂದು ಗುಂಡನೆಯ ಜಾಗ ಮಾತ್ರ ಖಾಲಿ.

"ಕುಂಕುಮಕ್ಕೆ ಅವ್ರು ಕೆಂಪು ಹಣ್ಣು ಇಡ್ತಿದ್ರು. ಈ ಸಲ ನಾನೇ ಇಟ್ಟಿರ್ಲಿಲ್ಲ" ಎಂದರು ಸುಮಿತ್ರಮ್ಮ, ಮೆಲ್ಲಗೆ.

ಅತ್ತೆ ಬೇಲಿ ಪಕ್ಕದ ಕಾಫಿ ಗಿಡದಿಂದ ಒಂದು ಹಿಡಿ ಹಣ್ಣು ಕಿತ್ತು ತಂದು ಅವರ ಕೈಗೆ ಹಾಕಿದರು. "ಇಡಿ ಸುಮಿತ್ರಮ್ಮ. ಇದು ಅವ್ರು ಕಂಡ ಮುಖ." ಅವರು ಬಗ್ಗಿ ಒಂದೊಂದೇ ಹಣ್ಣು ಇಟ್ಟರು. ನಮಗೆಲ್ಲ ಕಣ್ಣು ತುಂಬಿತು.

ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಹೆಮ್ಮೆಯಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆ ಪುಳಕ ಇನ್ನೂ ಇಳಿದಿಲ್ಲ.

ಈ ಕೊಯ್ಲಿಗೆ ಸುಮಿತ್ರಮ್ಮನೇ ಫೋನ್ ಮಾಡಿದ್ದರು. "ಎಲ್ರೂ ಬನ್ನಿ. ಹೋದ್ಸಲ ಮೂಗು ದಪ್ಪ ಮಾಡಿದ್ರಿ, ಈ ಸಲ ಸರಿ ಮಾಡಿ. ಕುಂಕುಮದ ಹಣ್ಣು ನಾನೇ ಕುಯ್ದಿಟ್ಟಿದೀನಿ."