ನಾನು ಹೋಗದ ಸಾಮರ್ಸೆಟ್

ಜೆದ್ದಾದ ಶರಫಿಯಾದಲ್ಲಿ ಟ್ರಾವೆಲ್ ಆಫೀಸು ನಡೆಸುವವನಿಗೆ ತಾಳ್ಮೆ ಬೇಕು, ನಾಲಿಗೆ ಬೇಕು. ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ನಾಲಿಗೆಯನ್ನು ಮಾತ್ರ ದೇವರು ಧಾರಾಳವಾಗಿ ಕೊಟ್ಟಿದ್ದಾನೆ. ಭಟ್ಕಳದಲ್ಲಿ ಚಿಕ್ಕವನಿದ್ದಾಗ, ಇವನು ಕಲ್ಲನ್ನೂ ಮಾತಾಡಿಸಿಯಾನು ಎಂದು ತಾಯಿ ಬಯ್ಯುತ್ತಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ರಜೆಗೆ ಎಲ್ಲಿಗೆ ಹೋಗುವುದೆಂದು ಕೇಳಿಕೊಂಡು ಬಂದ ಗಿರಾಕಿಗಳೆಲ್ಲ ಕೊನೆಗೆ ಕೇಳುವುದು ಒಂದನ್ನೇ: ಜಾಗ ಹೇಗಿದೆ? ನಾನು ಹೇಳುವುದೂ ಒಂದನ್ನೇ: "ನಾನೇ ಹೋಗಿದ್ದೇನೆ." ಟರ್ಕಿಗೆ ಹೋಗಿದ್ದೇನೆ, ಜಾರ್ಜಿಯಾಕ್ಕೆ ಹೋಗಿದ್ದೇನೆ, ಇಂಗ್ಲೆಂಡಿನ ಮೂಲೆಮೂಲೆ ನೋಡಿದ್ದೇನೆ. ನಿಜ ಹೇಳಬೇಕೆಂದರೆ ನನ್ನ ಪಾಸ್‌ಪೋರ್ಟಿನಲ್ಲಿ ಜೆದ್ದಾ ಮತ್ತು ಮಂಗಳೂರು ಬಿಟ್ಟರೆ ಮೂರನೆಯ ಊರಿನ ಮುದ್ರೆ ಇಲ್ಲ. ಇದರಿಂದ ಯಾರಿಗೂ ಏನೂ ನಷ್ಟವಾಗಿರಲಿಲ್ಲ. ಹೋಟೆಲು ಇದ್ದಲ್ಲೇ ಇರುತ್ತಿತ್ತು, ಹೋದವರು ಖುಷಿಯಿಂದ ಮರಳಿ ಬರುತ್ತಿದ್ದರು.

ಸಾಮರ್ಸೆಟ್ ನನ್ನ ಕೈಗೆ ಬಂದದ್ದು ಒಂದು ದಪ್ಪ ಪುಸ್ತಿಕೆಯ ರೂಪದಲ್ಲಿ. ಇಂಗ್ಲೆಂಡಿನ ಪಶ್ಚಿಮಕ್ಕಿರುವ ಹಳ್ಳಿಗಾಡಿನ ಸೀಮೆ. ಹಸಿರು ಗುಡ್ಡ, ಕುರಿಗಳು, ಬಾತ್ ಮತ್ತು ವೆಲ್ಸ್ ಎಂಬ ಎರಡು ಹಳೆಯ ನಗರಗಳು, ಒಂದು ಬದಿಗೆ ಕಡಲು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಓದಿ ಓದಿ ಅದು ಬಾಯಿಪಾಠವಾಯಿತು. ಆಮೇಲೆ ಅದೂ ಸಾಲದೆ ನಾನೇ ಸೇರಿಸತೊಡಗಿದೆ. ವೆಲ್ಸ್‌ನ ದೊಡ್ಡ ಇಗರ್ಜಿಯ ಎದುರಿನ ಬೆಂಚಿನಲ್ಲಿ ಕೆಂಪು ಕೊಡೆ ಹಿಡಿದ ಒಬ್ಬ ಅಜ್ಜಿಯನ್ನು ಕೂರಿಸಿದೆ. ಅವಳ ಕಾಲ ಬಳಿ ಒಂದು ನಾಯಿ. ನಾಯಿಗೆ ಮೂರೇ ಕಾಲು, ಮುಂದಿನ ಎಡಗಾಲು ಇಲ್ಲ. ಹೀಗೆ ಒಂದು ಊನ ಇಟ್ಟು ಹೇಳಿದರೆ ಜನ ಬೇಗ ನಂಬುತ್ತಾರೆ ಎಂಬುದನ್ನು ಈ ಕಸುಬು ನನಗೆ ಕಲಿಸಿತ್ತು.

ಕಡಲತೀರಕ್ಕೂ ಒಂದು ಕಥೆ ಕಟ್ಟಿದ್ದೆ. ಪುಸ್ತಿಕೆಯಲ್ಲಿ ಇದ್ದದ್ದು ಒಂದೇ ಚಿತ್ರ: ಮರದ ಕಾಲುಗಳ ಮೇಲೆ ಮರಳಿನಲ್ಲಿ ನಿಂತ ಬಿಳಿಯ ದೀಪಸ್ತಂಭ, ಬಹಳ ದೂರದಲ್ಲಿ ಗೆರೆಯಷ್ಟು ನೀರು. ಇಳಿತದ ಹೊತ್ತಿಗೆ ದೀಪಸ್ತಂಭಕ್ಕೆ ಬೆನ್ನು ಹಾಕಿ ನೇರ ನಡೆಯಿರಿ, ನಾನು ಹಾಗೆ ನಡೆದೇ ಹೋಗಿ ನೀರು ಮುಟ್ಟಿದ್ದೇನೆ ಎನ್ನುತ್ತಿದ್ದೆ. ಎಷ್ಟು ಸಲ ಹೇಳಿದ್ದೆನೆಂದರೆ, ಹೇಳುವಾಗ ನನ್ನ ಅಂಗಾಲಿಗೇ ತಂಪಾಗುತ್ತಿತ್ತು.

ಆ ಬೇಸಿಗೆ ರಜೆಗೆ ಉಡುಪಿ ಕಡೆಯ ಒಂದು ಕ್ರಿಶ್ಚಿಯನ್ ಕುಟುಂಬ ಬಂತು. ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು, ಎಲ್ಲರಂತೆ ನಾನೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆ. ಗಂಡ ಕೋಲ್ಡ್ ಸ್ಟೋರೇಜೊಂದರಲ್ಲಿ ಸೂಪರ್‌ವೈಸರ್. ಜೊತೆಗೆ ಒಂಬತ್ತು ವರ್ಷದ ಮಗಳು. ಸಿಸ್ಟರ್ ಅವರ ತಂಗಿಯೂ ನರ್ಸು, ಇರುವುದು ಸಾಮರ್ಸೆಟ್‌ನಲ್ಲಿ. ಅವರ ಮನೆಮಾತು ಕೊಂಕಣಿ, ನನ್ನದು ನವಾಯತಿ. ನಡುವೆ ಕನ್ನಡ, ಎರಡೂ ಕಡೆಯ ಸೊಟ್ಟ ಉಚ್ಚಾರದೊಂದಿಗೆ.

"ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಭಾಯ್?" ಎಂದು ಸಿಸ್ಟರ್ ಕೇಳಿದರು.

"ಎಂತ ಇಲ್ಲ ಅಂತ ಕೇಳಿ ಸಿಸ್ಟರ್! ನಾನೇ ಹೋಗಿದ್ದೇನೆ."

"ಇವರು ಹೋಗದ ಊರು ಉಂಟಾ ಮಾರಾಯ್ತಿ," ಎಂದು ಗಂಡ ನಕ್ಕರು.

ಅಜ್ಜಿ, ನಾಯಿ, ಬಾತ್‌ನ ಹಳದಿ ಬಾಗಿಲಿನ ಮನೆ, ಅದರ ಕಿಟಕಿಯಲ್ಲಿ ಒಡೆದ ಹೂಜಿ, ಕಡಲಿನ ನಡಿಗೆ, ಎಲ್ಲವನ್ನೂ ಹೇಳಿದೆ. ಮಗು ಕಣ್ಣು ಬಿಟ್ಟುಕೊಂಡು ಕೇಳಿತು. ಅಂಥ ಕೇಳುಗರು ಸಿಕ್ಕರೆ ನಾನು ನಿಲ್ಲುವವನಲ್ಲ.

ಅವರು ಹೋದ ಮೂರನೆಯ ದಿನ ಫೋನಿಗೆ ಒಂದು ಫೋಟೊ ಬಂತು. ಇಗರ್ಜಿ, ಬೆಂಚು, ಕೆಂಪು ಕೊಡೆಯ ಅಜ್ಜಿ. ಕೆಳಗೆ ಸಿಸ್ಟರ್ ಬರೆದಿದ್ದರು: ನಿಮ್ಮ ಅಜ್ಜಿ ಇನ್ನೂ ಇದ್ದಾರೆ ಭಾಯ್! ಮೊದಲು ನನಗೆ ನಗು ಬಂತು. ಅಜ್ಜಿಯರು ಎಲ್ಲಿಲ್ಲ, ಕೊಡೆ ಯಾರಲ್ಲಿಲ್ಲ? ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ನಾಯಿಗೆ ಮುಂದಿನ ಎಡಗಾಲು ಇರಲಿಲ್ಲ. ಎಂದೋ ಪುಸ್ತಿಕೆಯಲ್ಲಿ ನೋಡಿ ಮರೆತಿದ್ದೇನೆ ಎಂದುಕೊಂಡು, ಕನ್ನಡಕ ಹಾಕಿ ಒಂದೊಂದೇ ಹಾಳೆ ತಿರುವಿದೆ. ಅದರಲ್ಲಿ ಅಜ್ಜಿಯೂ ಇರಲಿಲ್ಲ, ನಾಯಿಯೂ ಇರಲಿಲ್ಲ.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಊಟದ ಪೊಟ್ಟಣ ಬಿಚ್ಚುವಾಗ ಬಾತ್‌ನ ಫೋಟೊ ಬಂತು. ಹಳದಿ ಬಾಗಿಲು. ಕಿಟಕಿಯಲ್ಲಿ ಒಡೆದ ಹೂಜಿ. ನಿನ್ನೆ ತೆಗೆದದ್ದು, ನಿಮಗೆ ಎಷ್ಟು ನೆನಪು ಭಾಯ್, ಎಂದು ಬರೆದಿದ್ದರು. ನನಗೆ ಹೆದರಿಕೆಯಾಯಿತು. ಹೊರಗೆ ಶರಫಿಯಾದಲ್ಲಿ ಕಾಲಿಡಲು ಜಾಗವಿಲ್ಲ, ನಮ್ಮ ದೇಶದ ಅರ್ಧ ಜನ ಅಲ್ಲೇ ಸೇರಿದ್ದಾರೆ. ಅಷ್ಟು ಗದ್ದಲದ ನಡುವೆ ಕೂತು, ಅವರಿಗೆ ಇನ್ನೇನೇನು ಹೇಳಿದ್ದೆ ಎಂದು ನೆನಪು ಮಾಡಿಕೊಳ್ಳತೊಡಗಿದೆ. ಕಡಲಿನ ನಡಿಗೆ ನೆನಪಾದಾಗ ಊಟದ ಪೊಟ್ಟಣವನ್ನು ಬದಿಗೆ ಸರಿಸಿದೆ.

ಮೊದಲ ಬಾರಿಗೆ ಆ ತೀರದ ಬಗ್ಗೆ ಫೋನಿನಲ್ಲಿ ಹುಡುಕಿದೆ. ಮರಳಿನ ಕೆಳಗೆ ಕೆಸರು, ಕಾಲು ಹೂತರೆ ಬಿಡಿಸಿಕೊಳ್ಳುವುದು ಕಷ್ಟ. ಹಿಂದೆ ಸರಿದ ನೀರು ಮನುಷ್ಯ ನಡೆಯುವುದಕ್ಕಿಂತ ಬೇಗ ಮರಳುತ್ತದೆ. ದಡದುದ್ದಕ್ಕೂ ಎಚ್ಚರಿಕೆಯ ಹಲಗೆಗಳಿವೆಯಂತೆ. ಉಬ್ಬರ ಇಳಿತ ನೋಡುತ್ತಲೇ ಬೆಳೆದವನು ನಾನು. ಆದರೆ ಜೆದ್ದಾದ ಕಡಲು ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇರುತ್ತದೆ. ಇಷ್ಟು ವರ್ಷ ಅದನ್ನೇ ನೋಡಿ, ಕಡಲು ಎದ್ದು ಬರುತ್ತದೆ ಎಂಬುದನ್ನೇ ಮರೆತುಬಿಟ್ಟಿದ್ದೆ.

ಹೋಗಬೇಡಿ ಎಂದು ಬರೆಯುತ್ತಿರುವಾಗಲೇ ಮತ್ತೊಂದು ಫೋಟೊ ಬಂತು. ಕಾಲುಗಳ ಮೇಲೆ ನಿಂತ ದೀಪಸ್ತಂಭ. ಕೆಳಗೆ ಬರೆದಿದ್ದರು: ನೀವು ಹೇಳಿದ ಹಾಗೆ ಬೆನ್ನು ಹಾಕಿ ನಡೀತಾ ಇದ್ದೇವೆ.

ಫೋನ್ ಮಾಡಿದೆ. ಎತ್ತಲಿಲ್ಲ. ಗಂಡನಿಗೆ ಮಾಡಿದೆ, ಅವರೂ ಎತ್ತಲಿಲ್ಲ. ಸುಮಾರು ಅರ್ಧ ಗಂಟೆ ಹೀಗೇ ಕಳೆಯಿತು. ಆಮೇಲೆ ಸಿಸ್ಟರ್ ಅವರ ನಂಬರಿನಿಂದ ಒಂದು ವಾಯ್ಸ್ ಮೆಸೇಜು ಬಂತು. ಮಾತಾಡಿದ್ದು ಮಗು.

"ಅಂಕಲ್, ನೀವು ಇಲ್ಲಿಗೆ ಯಾವಾಗ ಬಂದ್ರಿ? ಫುಲ್ ಮಂಜು, ನಮಗೆ ಎಂತ ಕಾಣುದಿಲ್ಲ. ನೀವು ಮಾತ್ರ ಮುಂದೆ ಕಾಣ್ತೀರಿ. ಮಮ್ಮಿ ಕರೀತಿದ್ದಾರೆ. ತಿರುಗಿ ನೋಡಿ ಅಂಕಲ್."

ಅವಳ ಹಿಂದಿನಿಂದ ಸಿಸ್ಟರ್ ಕೂಗುವುದು ಕೇಳುತ್ತಿತ್ತು: "ಓ ಭಾಯ್! ಸ್ವಲ್ಪ ನಿಲ್ಲಿ ಮಾರಾಯ್ರೆ!" ಅದರ ಜೊತೆಗೆ ಕೆಸರಿನಿಂದ ಕಾಲು ಕೀಳುವ ಪಚಕ್ ಪಚಕ್ ಸದ್ದು.

ನಾನು ಕುರ್ಚಿಯಲ್ಲೇ ಇದ್ದೆ. ಎಸಿ ಗುಂಯ್ಗುಡುತ್ತಿತ್ತು, ಎದುರಿನ ದರ್ಜಿ ಅಂಗಡಿಯವನು ಯಾರನ್ನೋ ಕರೆಯುತ್ತಿದ್ದ. ಹೇಳಲು ನಾಚಿಕೆಯಿಲ್ಲ, ಬಗ್ಗಿ ನನ್ನ ಕಾಲು ನೋಡಿಕೊಂಡೆ. ಚಪ್ಪಲಿ ಒಣಗಿಯೇ ಇತ್ತು.

ಯಾರೋ ನಮ್ಮ ಕಡೆಯವನೇ ಇರಬಹುದು, ಆ ಊರಲ್ಲಿ ನಮ್ಮ ನರ್ಸುಗಳ ಗಂಡಂದಿರು ಬೇಕಾದಷ್ಟಿದ್ದಾರೆ ಎಂದು ಬುದ್ಧಿ ಹೇಳಿತು. ಆದರೆ ನನ್ನ ಕಥೆಯ ಮನುಷ್ಯ ಎತ್ತ ನಡೆಯುತ್ತಾನೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನು ನೀರಿನ ಕಡೆಗೇ ನಡೆಯುತ್ತಾನೆ. ಅವನು ಹೋದದ್ದನ್ನಷ್ಟೇ ನಾನು ನೂರು ಸಲ ಹೇಳಿದ್ದೆ. ಮರಳಿದ್ದನ್ನು ಒಬ್ಬರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಸುಮ್ಮನೆ ಹಿಂದೆ ತಿರುಗಿ ಎಂದರೆ ಅವರು ತಿರುಗುವವರಲ್ಲ. ದಾರಿ ಬಲ್ಲವನೇ ಮುಂದಿದ್ದಾನಲ್ಲ! ನಿಜ ಹೇಳದೆ ಬೇರೆ ಉಪಾಯವಿರಲಿಲ್ಲ. ಅಂಥ ಹೊತ್ತಿನಲ್ಲೂ ಅರೆಗಳಿಗೆ ನನಗೆ ನನ್ನ ಮಾನದ ಚಿಂತೆಯಾಯಿತು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆಮೇಲೆ ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಕಿರುಚಿದೆ.

"ಸಿಸ್ಟರ್, ನಾನು ಜೆದ್ದಾದಲ್ಲಿದ್ದೇನೆ! ಅಲ್ಲಿಗೆ ಯಾವತ್ತೂ ಬಂದವನಲ್ಲ. ಹೇಳಿದ್ದೆಲ್ಲ ಸುಳ್ಳು. ಅದು ನಾನಲ್ಲ. ಅವನ ಹಿಂದೆ ಹೋಗ್ಬೇಡಿ, ಅವನಿಗೆ ಬೆನ್ನು ಹಾಕಿ ನಡೀರಿ. ಮಗುವನ್ನು ಎತ್ತಿಕೊಳ್ಳಿ!"

ಟಿಕೆಟಿಗೆ ಬಂದಿದ್ದ ಇಬ್ಬರು ನನ್ನ ಮುಖ ನೋಡಿ ಮೆಲ್ಲಗೆ ಹೊರಗೆ ಹೋದರು.

ಉತ್ತರ ಬರಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಆಯಿತು. ಮಸೀದಿಗೆ ಹೋಗಿ ಆ ಮೂವರಿಗಾಗಿ ಮಾತ್ರ ಬೇಡಿಕೊಂಡೆ. ಬಂದು ಷಟರ್ ಎತ್ತುವಾಗ ಗಂಡನಿಂದ ಎರಡು ಶಬ್ದ ಬಂದಿತ್ತು: ದಡ ಸೇರಿದೆವು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ.

ಶಾಲೆ ಮತ್ತೆ ತೆರೆದ ವಾರ ಅವರು ಆಫೀಸಿಗೆ ಬಂದರು. ನಾನು ಎದ್ದು ನಿಂತೆ. ಬೈಗುಳಕ್ಕೆ ತಯಾರಾಗಿದ್ದೆ. ಗಂಡ ನನ್ನ ಕೈ ಹಿಡಿದುಕೊಂಡರು.

"ನಮ್ಮವರೇ ಯಾರೋ ಇರ್ಬೇಕು ಮಾರಾಯ್ರೆ. ದಡಕ್ಕೆ ಬಂದ ಕೂಡ್ಲೆ ರಕ್ಷಣೆಯವರಿಗೆ ಹೇಳಿದೆವು, ಒಬ್ಬ ಉಳಿದಿದ್ದಾನೆ ಅಂತ. ಸಂಜೆವರೆಗೂ ಹುಡುಕಿದ್ರು. ಯಾರೂ ಸಿಗಲಿಲ್ಲ. ಕಾಣೆಯಾದವರೂ ಯಾರೂ ಇಲ್ಲವಂತೆ."

ಮಗು ಒಳಗೆ ಬಂದಿರಲಿಲ್ಲ. ಗಾಜಿನ ಬಾಗಿಲಿನ ಆಚೆ ಬಿಸಿಲಿನಲ್ಲಿ ನನಗೆ ಬೆನ್ನು ಹಾಕಿ ನಿಂತಿತ್ತು. ಒಳಗೆ ಕರೆಯಿರಿ, ಸೆಕೆ, ಎಂದೆ. ಬೇಡ ಭಾಯ್, ಇರಲಿ, ಎಂದರು ಸಿಸ್ಟರ್. ಗಂಡ ಮಗುವಿನ ಹತ್ತಿರ ಹೋದರು. ಸಿಸ್ಟರ್ ಮಾತ್ರ ಉಳಿದರು.

"ನಿಮ್ಮ ಮೆಸೇಜನ್ನು ನಾನು ಸ್ಪೀಕರಿಗೆ ಹಾಕಿದ್ದೆ. ಅವನಿಗೂ ಕೇಳಿತು."

"ಯಾರಿಗೆ?"

"ಮುಂದೆ ಹೋಗ್ತಿದ್ದನಲ್ಲ, ಅವನಿಗೆ. ಕೇಳಿ ನಿಂತ. ತಿರುಗಿದ." ಸಿಸ್ಟರ್ ನನ್ನ ಮುಖ ನೋಡಲಿಲ್ಲ. "ಮುಖ ಹೇಗಿತ್ತು ಅಂತ ಕೇಳ್ಬೇಡಿ, ನಾನು ಹೇಳುದಿಲ್ಲ."

"ಎಂತಾದ್ರೂ ಮಾತಾಡಿದನಾ?"

"ಕನ್ನಡದಲ್ಲೇ ಕೇಳಿದ ಭಾಯ್. ಹಾಗಾದ್ರೆ ನಾನು ವಾಪಸ್ ಬರುದು ಹೇಗೆ, ಅಂತ."

"ನೀವು ಎಂತ ಹೇಳಿದ್ರಿ?"

"ನೀರು ಮೊಣಕಾಲಿಗೆ ಬಂದಿತ್ತು. ನಾವು ನಿಲ್ಲಲಿಲ್ಲ."